ಲೋಕಾಪುರದ ಕಲ್ಲು, ಕಡಮತ್ತಿನ ಹವಳ

ಮುಧೋಳ ತಾಲ್ಲೂಕಿನ ಲೋಕಾಪುರ, ಮುದ್ದಾಪುರದ ಸುತ್ತ ಹೊಲ ಅಗೆದರೆ ಸುಣ್ಣಕಲ್ಲು ತಗಲುತ್ತದೆ. ಬಾಗಲಕೋಟೆ ಸೀಮೆಯ ಸುಣ್ಣದ ಭಟ್ಟಿಗಳು ಉರಿದದ್ದು ಇಂಥ ಕಲ್ಲಿನಿಂದ, ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಇದನ್ನೇ ಹುಡುಕಿಕೊಂಡು. ಲಾರಿಗಟ್ಟಲೆ ಹೋಗುವ ಈ ಕಲ್ಲು ಒಂದಾನೊಂದು ಕಾಲಕ್ಕೆ ಕಡಲ ತಳವಾಗಿತ್ತು ಎಂದರೆ ನಮ್ಮ ಕಡೆಯ ಹಿರಿಯರು ನಕ್ಕುಬಿಡುತ್ತಾರೆ. ಸಮುದ್ರ ನೋಡಬೇಕೆಂದರೆ ಘಟ್ಟ ಇಳಿದು ಹೋಗಬೇಕಾದ ಮಂದಿ ನಾವು. ಘಟಪ್ರಭೆಯ ದಂಡೆಗೂ ಕಡಲಿಗೂ ಎಲ್ಲಿಯ ನಂಟು?

ನಂಟು ಹಳೆಯದು. 1876ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಮರಾಠಾ ಸೀಮೆಯ ಭೂರಚನೆಯ ಬಗ್ಗೆ ತನ್ನ ದೊಡ್ಡ ವರದಿ ಪ್ರಕಟಿಸಿದಾಗ ಈ ಬಂಡೆಗಳಿಗೆ ಕಲಾದಗಿಯ ಹೆಸರು ಅಂಟಿಕೊಂಡಿತು. ಆಗಿನ್ನೂ ಕಲಾದಗಿಯೇ ಜಿಲ್ಲಾ ಕೇಂದ್ರ. ಕಚೇರಿಗಳು ವಿಜಾಪುರಕ್ಕೆ ಹೋದದ್ದು ಆಮೇಲೆ. ಇವತ್ತು ನಮಗೆ ಕಲಾದಗಿ ಎಂದರೆ ದಾಳಿಂಬೆ, ಚಿಕ್ಕು. ಭೂವಿಜ್ಞಾನಿಗಳಿಗೆ ಮಾತ್ರ ಅದು ಇವತ್ತಿಗೂ ಕಲ್ಲಿನ ಹೆಸರು.

ಈ ಕಲಾದಗಿ ಬಂಡೆಗಳ ಸಾಲಿನಲ್ಲಿ ಲೋಕಾಪುರದ್ದೇ ಹೆಸರಿನ ಒಂದು ಉಪಗುಂಪು ಇದೆ. ಅದರ ಡಾಲಮೈಟ್ ಪದರಗಳಲ್ಲಿ ಅಲ್ಲಲ್ಲಿ ತೆಳು ಗೆರೆಗಳು ಒಂದರ ಮೇಲೊಂದು ಬಾಗಿ ಕೂತಿರುವುದು ಕಾಣುತ್ತದೆ. ಸ್ಟ್ರೊಮ್ಯಾಟೊಲೈಟ್ ಎಂದು ಅವುಗಳ ಹೆಸರು. ಬಿಸಿಲು ತಲುಪುವಷ್ಟು ಆಳದ ಕಡಲಿನಲ್ಲಿ ಲೋಳೆಯ ಚಾಪೆಯಾಗಿ ಹರಡಿದ್ದ ಸಯನೋಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳು ಪದರದ ಮೇಲೆ ಪದರ ಕಟ್ಟಿದ ಸುಣ್ಣದ ದಿಬ್ಬಗಳಿವು. ಅದು ನೂರು ಕೋಟಿ ವರ್ಷಕ್ಕೂ ಹಿಂದಿನ ಮಾತು. ಆಗ ಮೀನಿರಲಿಲ್ಲ, ಚಿಪ್ಪಿರಲಿಲ್ಲ, ಹವಳವೂ ಇರಲಿಲ್ಲ. ಕಡಲಲ್ಲಿ ದಿಬ್ಬ ಕಟ್ಟುವ ಕಸುಬೆಲ್ಲ ಈ ಲೋಳೆಯದೇ.

ಜಗತ್ತಿನಲ್ಲಿ ಎಲ್ಲೇ ಸಿಗಲಿ, ಸ್ಟ್ರೊಮ್ಯಾಟೊಲೈಟ್‌ಗಳಿಗೆ ಹೆಸರಿಟ್ಟದ್ದು ಆಕಾರ ನೋಡಿ. ಶಂಕುವಿನಂತಿದ್ದರೆ ಒಂದು ಹೆಸರು, ಕವಲೊಡೆದಿದ್ದರೆ ಇನ್ನೊಂದು. ಕಟ್ಟಿದವರು ಯಾರು, ಎಷ್ಟು ಬಗೆಯವರು ಎಂದು ಕಲ್ಲನ್ನು ಕೇಳಿ ತಿಳಿಯುವ ದಾರಿ ಇಲ್ಲದಿದ್ದಾಗ ಬೇರೇನು ಮಾಡಲಾದೀತು? ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ ಇವತ್ತಿಗೂ ಜೀವಂತ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಅವುಗಳ ಡಿಎನ್‌ಎ ತೆಗೆದು ನೋಡಿದವರಿಗೆ ಒಂದೇ ಗುಮ್ಮಟದೊಳಗೆ ಸೂಕ್ಷ್ಮಜೀವಿಗಳ ದೊಡ್ಡ ಸಂತೆಯೇ ಸಿಕ್ಕಿತು. ಒಳಗೆ ಇಷ್ಟು ಜನ ಇದ್ದಾರೆಂದು ಹೊರಗಿನ ಆಕಾರ ನೋಡಿ ಹೇಳುವಂತಿರಲಿಲ್ಲ.

ಸತ್ತು ಕಲ್ಲಾದವುಗಳ ವಿಷಯದಲ್ಲಿ, ಆಕಾರ ನೋಡಿ ಹೆಸರಿಡುವ ಈ ತಪ್ಪಿಗೆ ಕ್ಷಮೆ ಇದೆ. ಆದರೆ ಇದೇ ಲೆಕ್ಕಾಚಾರವನ್ನು ಬದುಕಿರುವ ಹವಳಗಳ ಮೇಲೂ ಇನ್ನೂರು ವರ್ಷಕ್ಕೂ ಮಿಕ್ಕಿ ನಡೆಸಿಕೊಂಡು ಬಂದಿದ್ದೇವೆ. ಅದರ ಬೆಲೆ ಈಗ, ಕಡಲು ಕಾಯುತ್ತಿರುವ ಹೊತ್ತಿನಲ್ಲಿ, ಒಂದೊಂದಾಗಿ ಗೊತ್ತಾಗುತ್ತಿದೆ.

ಒಂದೇ ಹೆಸರು, ಮೂರು ಹವಳ

ಮೊದಲಿಗೆ ಒಂದು ಗೊಂದಲ ಬಿಡಿಸಿಬಿಡೋಣ. ಉಂಗುರಕ್ಕೆ, ತಾಳಿಸರಕ್ಕೆ ಹಾಕುವ ಕೆಂಪು ಹವಳ ಬೇರೆ ಜಾತಿಯದು. ಅದು ದಿಬ್ಬ ಕಟ್ಟುವುದಿಲ್ಲ. ದಿಬ್ಬ ಕಟ್ಟುವ ಕಲ್ಲುಹವಳ ಬಿಸಿ ಸೀಮೆಯ ತಿಳಿ ಕಡಲಲ್ಲಿ ಬೆಳೆಯುವ ಪ್ರಾಣಿ. ಪಾಲಿಪ್ ಎಂಬ ಪುಟ್ಟ, ಮೆತ್ತನೆಯ ಜೀವಿಗಳು ಸಾವಿರಗಟ್ಟಲೆ ಅಕ್ಕಪಕ್ಕ ಕೂತು, ತಮ್ಮ ತಳದಲ್ಲಿ ಸುಣ್ಣದ ಗೂಡು ಸ್ರವಿಸುತ್ತ ಹೋಗುತ್ತವೆ. ಪಾಲಿಪ್‌ನ ಮೈಯೊಳಗೆ ಏಕಕೋಶದ ಪಾಚಿಗಳ ಬಿಡಾರ. ಪಾಚಿ ಬಿಸಿಲಿನಿಂದ ಸಕ್ಕರೆ ಮಾಡಿ ಒಡೆಯನಿಗೆ ಕೊಡುತ್ತದೆ, ಹವಳಕ್ಕೆ ಬಣ್ಣ ಬರುವುದೂ ಬಹುಪಾಲು ಅದರಿಂದಲೇ. ನೀರು ವಾಡಿಕೆಗಿಂತ ಒಂದು ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೇ ನಿಂತರೆ ಈ ಸಂಸಾರ ಮುರಿಯುತ್ತದೆ. ಹವಳ ಪಾಚಿಯನ್ನು ಹೊರದಬ್ಬಿ ಬಿಳಿಚಿಕೊಳ್ಳುತ್ತದೆ. ಬೇಗ ತಂಪಾದರೆ ಚೇತರಿಕೆ, ಇಲ್ಲವಾದರೆ ಹಸಿವಿನಿಂದ ಸಾವು.

ಇಂಥ ದಿಬ್ಬಗಳು ಕಡಲತಳದ ಶೇ 1ರಷ್ಟನ್ನೂ ಆವರಿಸಿಲ್ಲ. ಆದರೂ ಕಡಲಿನ ಜೀವಪ್ರಭೇದಗಳಲ್ಲಿ ಸುಮಾರು ಕಾಲುಭಾಗಕ್ಕೆ ಅವೇ ಆಸರೆ ಎಂದು ಅಂದಾಜು.

ಹವಳಕ್ಕೆ ಹೆಸರಿಡುವ ಕೆಲಸ ಶುರುವಾದದ್ದು ಒಣಗಿದ ಅಸ್ಥಿಪಂಜರಗಳಿಂದ. ನಾವಿಕರು ತಂದ ಬಿಳಿ ತುಂಡುಗಳನ್ನು ಯುರೋಪಿನ ಮ್ಯೂಸಿಯಂಗಳಲ್ಲಿ ಇಟ್ಟುಕೊಂಡು ಗೂಡುಗಳ ಅಳತೆ, ಗೋಡೆಗಳ ಎಣಿಕೆ ನೋಡಿ ಪ್ರಭೇದಗಳನ್ನು ವಿಂಗಡಿಸಿದರು. 1786ರಲ್ಲಿ ಎಲಿಸ್ ಮತ್ತು ಸೊಲಾಂಡರ್ ಹೆಸರಿಸಿದ ಒಂದು ಕೆರಿಬಿಯನ್ ಹವಳಕ್ಕೆ ಈಗ ಆರ್ಬಿಸೆಲ್ಲಾ ಆನ್ಯುಲಾರಿಸ್ ಎನ್ನುತ್ತಾರೆ. ಆ ಕಡಲಿನ ದಿಬ್ಬಗಳನ್ನು ಕಟ್ಟಿದ ಮುಖ್ಯ ಮೇಸ್ತ್ರಿ ಅದೇ. ಒಂದು ಕಡೆ ಕಂಬದಂತೆ, ಇನ್ನೊಂದು ಕಡೆ ಗುಡ್ಡದಂತೆ, ಮತ್ತೊಂದು ಕಡೆ ಗಂಟುಗಂಟಾಗಿ ಬೆಳೆಯುತ್ತಿತ್ತು. ಬೆಳಕು ಮತ್ತು ಆಳ ಬದಲಾದಂತೆ ಹವಳ ರೂಪ ಬದಲಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ಹಾಗಾಗಿ ಮೂರನ್ನೂ ಒಂದೇ ಲೆಕ್ಕಕ್ಕೆ ಹಾಕಿದ್ದರು.

1992ರಲ್ಲಿ ನ್ಯಾನ್ಸಿ ನೋಲ್ಟನ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಪ್ರಬಂಧ ಈ ನೆಮ್ಮದಿ ಕೆಡಿಸಿತು. ಒಂದೇ ದಿಬ್ಬದ ಮೇಲೆ ಪಕ್ಕಪಕ್ಕ ಬೆಳೆಯುವ ಆ ಮೂರೂ ಬೇರೆ ಬೇರೆ ಪ್ರಭೇದಗಳು ಎಂದು ಅವರು ತೋರಿಸಿದರು. ಆ ಮಾತಿಗೆ ಆಮೇಲೆ ಇನ್ನೂ ಬಲ ಬಂತು. ಇಂಥ ಹವಳಗಳು ಮೊಟ್ಟೆ, ವೀರ್ಯಗಳನ್ನು ನೀರಿಗೆ ಬಿಡುವುದು ವರ್ಷದ ಕೆಲವೇ ರಾತ್ರಿ, ಹುಣ್ಣಿಮೆಯಾದ ಕೆಲವು ದಿನಗಳಿಗೆ. ಈ ಮೂರರಲ್ಲಿ ಫ್ರಾಂಕ್ಸಿ ಎಂಬುದು ಉಳಿದೆರಡಕ್ಕಿಂತ ಒಂದೆರಡು ಗಂಟೆ ಮೊದಲೇ ಕೆಲಸ ಮುಗಿಸಿಬಿಡುತ್ತದೆ. ಒಂದೇ ಕೇರಿಯಲ್ಲಿದ್ದರೂ ಸಂಬಂಧ ಬೆಳೆಯದಿರಲು ಅಷ್ಟು ಅಂತರ ಸಾಕು.

ಇದು ಹೆಸರಿನ ಜಗಳ ಮಾತ್ರ ಆಗಿದ್ದರೆ ನಾನೂ ಇದನ್ನು ಪಂಡಿತರಿಗೆ ಬಿಟ್ಟುಬಿಡುತ್ತಿದ್ದೆ. ಆದರೆ ಹವಳದ ಸುಣ್ಣದಲ್ಲಿ ವರ್ಷಕ್ಕೊಂದು ಪದರ ಕೂರುತ್ತದೆ. ಅದರ ರಾಸಾಯನಿಕ ಓದಿ ಹಳೆಯ ಕಾಲದ ಕಡಲಿನ ಉಷ್ಣತೆಯನ್ನು ಲೆಕ್ಕ ಹಾಕುತ್ತಾರೆ. ಮೂರು ಪ್ರಭೇದಗಳ ಬೆಳವಣಿಗೆಯ ವೇಗ, ಸುಣ್ಣದ ರಾಸಾಯನಿಕ ಬೇರೆ ಬೇರೆಯಾಗಿದ್ದಾಗ, ಒಂದೆಂದು ತಿಳಿದು ಬೆರೆಸಿ ಓದಿದ ಹವಾಮಾನದ ಚರಿತ್ರೆಯ ಗತಿ ಏನು? ಬಿಳಿಚಿಕೊಳ್ಳುವಿಕೆಯ ಲೆಕ್ಕಕ್ಕೂ ಇದೇ ಪ್ರಶ್ನೆ. ನೋಲ್ಟನ್ ಎತ್ತಿದ ಪ್ರಶ್ನೆ ಅಷ್ಟು ದೂರ ಹೋಗುತ್ತಿತ್ತು.

ಡಿಎನ್‌ಎ ಓದುವ ಯಂತ್ರಗಳು ಬಂದ ಮೇಲೂ ಹವಳ ತನ್ನ ಗುಟ್ಟನ್ನು ಬೇಗ ಬಿಟ್ಟುಕೊಡಲಿಲ್ಲ. ಪ್ರಾಣಿಗಳ ಪ್ರಭೇದ ಗುರುತಿಸಲು ಸಾಮಾನ್ಯವಾಗಿ ನೋಡುವುದು ಮೈಟೊಕಾಂಡ್ರಿಯಾದ ಡಿಎನ್‌ಎ. ಬೇರೆ ಪ್ರಾಣಿಗಳಲ್ಲಿ ಅದು ಬೇಗ ಬೇಗ ಬದಲಾಗುವುದರಿಂದ ಹತ್ತಿರದ ಎರಡು ಪ್ರಭೇದಗಳನ್ನೂ ಬೇರ್ಪಡಿಸಿ ತೋರಿಸುತ್ತದೆ. ಹವಳಗಳಲ್ಲಿ ಅದು ಬದಲಾಗುವುದು ತೀರ ನಿಧಾನ. ಲಕ್ಷಾಂತರ ವರ್ಷ ಬೇರೆಯಾಗಿ ಬದುಕಿದ ಎರಡು ವಂಶಗಳೂ ಆ ಪರೀಕ್ಷೆಯಲ್ಲಿ ಒಂದೇ ಎಂದು ಬರುತ್ತಿದ್ದವು. ಕಣ್ಣೂ ಮೋಸ ಹೋಗಿತ್ತು, ಮೊದಲ ಪರೀಕ್ಷೆಯೂ ಮೋಸ ಹೋಯಿತು. 2011ರಲ್ಲಿ ಅಕ್ರೋಪೋರಾ ಡಿಜಿಟಿಫೆರಾ ಎಂಬ ಹವಳದ ಇಡೀ ಜೀನೋಮ್ ಪ್ರಕಟವಾಯಿತು, ಹವಳದ ಮಟ್ಟಿಗೆ ಅದೇ ಮೊದಲನೆಯದು. ಜೀನೋಮ್‌ನ ಸಾವಿರಾರು ಕಡೆ ಏಕಕಾಲಕ್ಕೆ ಹೋಲಿಸಿ ನೋಡುವ ಕೆಲಸ ನಿಜವಾಗಿ ಹತೋಟಿಗೆ ಬಂದದ್ದು ಅಲ್ಲಿಂದೀಚೆಗೆ.

ಆಮೇಲೆ ಒಂದರ ಹಿಂದೊಂದು. ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಬಳಕೆಯಾದ ಹವಳಗಳಲ್ಲಿ ಸ್ಟೈಲೋಫೋರಾ ಪಿಸ್ಟಿಲಾಟಾ ಒಂದು. ಹವಳಲೋಕದ 'ಪ್ರಯೋಗಾಲಯದ ಇಲಿ' ಎಂದೇ ಅದರ ಖ್ಯಾತಿ. ತೈವಾನ್‌ನಲ್ಲಿ ಕೆಲಸ ಮಾಡುತ್ತಿದ್ದ ಶಶಾಂಕ್ ಕೇಶವಮೂರ್ತಿ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದ ಪ್ರಕಾರ ಆ ಇಲಿ ಒಂದಲ್ಲ, ನಾಲ್ಕು ವಂಶ. ಕೆಂಪು ಸಮುದ್ರದ್ದೊಂದು, ಶಾಂತಸಾಗರದ್ದೊಂದು, ನಡುವೆ ಹಿಂದೂ ಮಹಾಸಾಗರದವು. ಕೆಂಪು ಸಮುದ್ರದಲ್ಲಿ ಮಾಡಿದ ಪ್ರಯೋಗದ ಫಲಿತಾಂಶವನ್ನು ಆಸ್ಟ್ರೇಲಿಯಾದ ಹವಳಕ್ಕೆ ಅನ್ವಯಿಸಿದ ಪ್ರಬಂಧಗಳನ್ನು ಇನ್ನು ಎಚ್ಚರದಿಂದ ಓದಬೇಕು.

2021ರಲ್ಲಿ ಪಿಮ್ ಬೊಂಗಾರ್ಟ್ಸ್ ತಂಡ ಪ್ಯಾಕಿಸೆರಿಸ್ ಸ್ಪೆಸಿಯೋಸಾ ಎಂಬ, ಹಾಳೆಯಂತೆ ಹರಡುವ ಹವಳವನ್ನು ಕೈಗೆತ್ತಿಕೊಂಡಿತು. ಇಂಡೋ-ಪೆಸಿಫಿಕ್‌ನಲ್ಲಿ ತುಂಬ ಕಡೆ, ಆಳದಲ್ಲೂ ಮೇಲೂ ಕಾಣಸಿಗುವ, ಯಾರೂ ಚಿಂತೆ ಮಾಡದ ಹವಳ. ಆಸ್ಟ್ರೇಲಿಯಾದ ದಿಬ್ಬಗಳ ಮೇಲೇ ಅದರೊಳಗೆ ಮೂರು ವಂಶಗಳು ಸಿಕ್ಕವು. ಅಸ್ಥಿಪಂಜರವನ್ನು ಎಷ್ಟು ಅಳೆದರೂ ಮೂರರ ನಡುವೆ ಗೆರೆ ಎಳೆಯಲಾಗಲಿಲ್ಲ. ಆದರೆ ಯಾವ ಆಳ ಇಷ್ಟ, ಯಾವ ಹೊತ್ತಿಗೆ ಮೊಟ್ಟೆ ಬಿಡಬೇಕು ಎಂಬುದರಲ್ಲಿ ಮೂರೂ ಬೇರೆ.

ಯಾವ ಬೀಜ ಹಾಕೀರಿ?

ಜಮಖಂಡಿ, ರಬಕವಿ-ಬನಹಟ್ಟಿ, ಮುಧೋಳ, ಬೀಳಗಿಯ ಓದುಗರಿಗೆ ಈ ಸಂಕಟ ಹೇಳಲು ಕೃಷ್ಣಾ–ಘಟಪ್ರಭಾ ನಡುವಿನ ಕಬ್ಬಿನ ಗದ್ದೆಗಿಂತ ಒಳ್ಳೆಯ ದಾರಿ ನನಗೆ ಹೊಳೆಯಲಿಲ್ಲ. ಇಲ್ಲಿ ಇಬ್ಬರು ರೈತರು ಭೇಟಿಯಾದರೆ ಮೊದಲು ಕೇಳುವುದು, "ಯಾವ ಬೀಜ ಹಾಕೀರಿ?" ಉತ್ತರವೂ ಬಹಳ ಸಲ ಒಂದು ಅಂಕಿ: 86032. ಕೊಯಮತ್ತೂರಿನ ಕಬ್ಬು ತಳಿ ಸಂಶೋಧನಾ ಸಂಸ್ಥೆ ಬೆಳೆಸಿ 2000ನೇ ಇಸವಿಯಲ್ಲಿ ಬಿಡುಗಡೆಯಾದ ಕೋ 86032 ಅದು.

ಬೀಜ ಎನ್ನುತ್ತೇವೆ, ಆದರೆ ಹಾಕುವುದು ತುಂಡು. ಎರಡು ಕಣ್ಣಿನದೋ ಮೂರು ಕಣ್ಣಿನದೋ ತುಂಡು ಹೂಳಿದರೆ ಕಣ್ಣೊಡೆದು ಬರುವ ಗಿಡ ತಾಯಿಗಿಡದ ಅಚ್ಚು. ಅದನ್ನು ಕಡಿದ ಮೇಲೆ ಬರುವ ಕುಳೆಯೂ ಅದೇ ಅಚ್ಚು. ಹಿರೇಪಡಸಲಗಿಯ ಹೊಲದ್ದೂ ಸಮೀರವಾಡಿಯ ಹೊಲದ್ದೂ ಒಂದೇ ತಳಿಯಾಗಿದ್ದರೆ ವಂಶವಾಹಿಯ ಲೆಕ್ಕದಲ್ಲಿ ಅವು ಎರಡು ಗಿಡಗಳಲ್ಲ, ಊರೂರಿಗೆ ಹರಡಿಕೊಂಡ ಒಂದೇ ಗಿಡ.

ಕಡಲಿನಲ್ಲೂ ಹೀಗೇ ನಡೆಯುತ್ತದೆ. ಬಿರುಗಾಳಿಗೆ ಮುರಿದ ಕವಲುಹವಳದ ತುಂಡು ಪಕ್ಕದಲ್ಲಿ ಬಿದ್ದು ಬೇರೂರಿ ಹೊಸ ಕಾಲೊನಿ ಆಗುತ್ತದೆ. ನೋಡುವವರಿಗೆ ನೂರು ಕಾಲೊನಿ, ವಂಶದ ಲೆಕ್ಕದಲ್ಲಿ ಒಂದೇ. ಫ್ಲಾರಿಡಾದ ಕೊಂಬುಹವಳಗಳನ್ನು ಇಲಿಯಾನಾ ಬಾಮ್ಸ್ ಮತ್ತಿತರರು ಪರೀಕ್ಷಿಸಿದಾಗ ಕೆಲವು ದಿಬ್ಬಗಳಲ್ಲಿ ಇಂಥ ನಕಲುಗಳೇ ಹೆಚ್ಚಾಗಿದ್ದವು. ಹವಳ ಮರುನೆಡುವವರು ಬಳಸುವುದೂ ಇದೇ ಗುಣವನ್ನು: ಆರೋಗ್ಯವಾಗಿರುವ ಕಾಲೊನಿಯಿಂದ ತುಂಡು ಕಡಿದು, ಚೌಕಟ್ಟಿಗೆ ಕಟ್ಟಿ ಸಾಕಿ, ದಿಬ್ಬಕ್ಕೆ ಒಯ್ದು ಕೂರಿಸುವುದು. ಕೆಲಸ ಬೇಗ ಆಗುತ್ತದೆ, ಫೋಟೊ ಚೆಂದ ಬರುತ್ತದೆ.

ಬೇಗ ಆಗುವ ಕೆಲಸದ ಅಪಾಯ ಏನೆಂದು ಉತ್ತರ ಪ್ರದೇಶದ ರೈತರು ಕಂಡಿದ್ದಾರೆ. 2009ರಲ್ಲಿ ಬಂದ ಕೋ 0238 ಇಳುವರಿಯಲ್ಲೂ ಸಕ್ಕರೆಯಲ್ಲೂ ಎಷ್ಟು ಮೇಲಾಗಿತ್ತೆಂದರೆ ಹತ್ತೇ ವರ್ಷದಲ್ಲಿ ಆ ರಾಜ್ಯದ ಕಬ್ಬಿನ ನೆಲದ ಬಹುಪಾಲನ್ನು ಅದೊಂದೇ ಆವರಿಸಿತು. ಕೆಂಪು ಕೊಳೆ ರೋಗಕ್ಕೆ ಅದರ ಬೀಗ ತೆರೆಯುವ ಕೈ ಸಿಕ್ಕಿದ ಮೇಲೆ ಹೊಲದಿಂದ ಹೊಲಕ್ಕೆ ಹಬ್ಬಲು ಅಡ್ಡಿಯೇ ಇರಲಿಲ್ಲ. ಎಲ್ಲ ಮನೆಗೂ ಒಂದೇ ಬೀಗ. ಸರಕಾರವೇ ಮುಂದೆ ನಿಂತು ಆ ತಳಿ ಬಿಡಿರಿ ಎಂದು ರೈತರಿಗೆ ಹೇಳಬೇಕಾಯಿತು.

ಕಬ್ಬಿನ ಕಥೆಗೆ ಇನ್ನೊಂದು ಮಗ್ಗುಲಿದೆ, ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಅದೇ. 1918ರಲ್ಲಿ ಕೊಯಮತ್ತೂರಿನಿಂದ ಹೊರಬಂದ ಕೋ 205ರ ಹುಟ್ಟಿಗೆ ಕಾರಣ ನದಿದಂಡೆಯ ಕಾಡುಕಬ್ಬು. ಸಕ್ಕರೆ ತೀರ ಕಡಿಮೆ ಇರುವ ಹುಲ್ಲು. ಅದನ್ನು ರಸದ ಕಬ್ಬಿನೊಂದಿಗೆ ಕೂಡಿಸಿದಾಗ ರೋಗ, ಚಳಿ, ಬರ ತಾಳುವ ಗುಣ ಬಂತು. ಮುಂದಿನ ನೂರು ವರ್ಷದ ಭಾರತದ ಸಕ್ಕರೆ ಉದ್ಯಮ ನಿಂತದ್ದು ಆ ಹುಲ್ಲಿನ ವಂಶವಾಹಿಯ ಮೇಲೆ. ಅದರೊಳಗೆ ಇಂಥ ಬಂಡವಾಳ ಇದೆಯೆಂದು ನೋಡಿದವರಿಗೆ ಗೊತ್ತಾಗುವಂತಿರಲಿಲ್ಲ.

ಹವಳದ ಮಟ್ಟಿಗೆ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ನಮ್ಮ ರೈತನಿಗೆ ತಾನು ಹಾಕಿದ್ದು 86032 ತಳಿಯೋ 265 ತಳಿಯೋ ಚೆನ್ನಾಗಿ ಗೊತ್ತು. ಹವಳ ನೆಡುವವನಿಗೆ ಗೊತ್ತಿಲ್ಲ. ತನ್ನ ಚೌಕಟ್ಟಿನ ಮೇಲಿರುವುದು ಒಂದೇ ಪ್ರಭೇದ ಎಂದು ಅವನು ಬರೆದುಕೊಂಡಿರುತ್ತಾನೆ. ನಿಜದಲ್ಲಿ ಅದು ಒಂದೇ ಕಾಲೊನಿಯ ನಕಲುಗಳಾಗಿರಬಹುದು, ಇಲ್ಲವೇ ಒಂದರೊಡನೊಂದು ಎಂದೂ ಕೂಡದ ಮೂರು ವಂಶಗಳ ಬೆರಕೆಯಾಗಿರಬಹುದು. ಎರಡೂ ಕಡೆ ಸೋಲೇ. ಮೊದಲನೆಯದರಲ್ಲಿ ಒಂದು ಬಿಸಿಗಾಳಿಗೆ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಎರಡನೆಯದರಲ್ಲಿ ಎಲ್ಲವೂ ಬದುಕಿ, ದಷ್ಟಪುಷ್ಟವಾಗಿ ಬೆಳೆದು, ಹುಣ್ಣಿಮೆಯ ಮೇಲೆ ಬೇರೆ ಬೇರೆ ಹೊತ್ತಿಗೆ ಮೊಟ್ಟೆ ಬಿಟ್ಟು, ಮರಿಯಾಗದೆ ಮುದಿಯಾಗುತ್ತವೆ.

ಕಾಣದ ಸಾವು

ಶಾಂತಸಾಗರದ ನಟ್ಟನಡುವೆ ಕಿರಿಟಿಮಾಟಿ ಎಂಬ ಹವಳದ್ವೀಪವಿದೆ. 2015–16ರ ಎಲ್ ನಿನೊ ಅಲ್ಲಿಯ ನೀರನ್ನು ತಿಂಗಳುಗಟ್ಟಲೆ ಕಾಯಿಸಿತು. ಹೆಚ್ಚಿನ ಹವಳಗಳು ಸತ್ತವು. ದಪ್ಪ ಗುಂಡಿನಂತೆ ಬೆಳೆಯುವ ಪೊರೈಟಿಸ್ ಮಾತ್ರ ಗಟ್ಟಿಜೀವ ಎಂದು ಹೆಸರು ಪಡೆದದ್ದು. ಅದು ಅಲ್ಲಲ್ಲಿ ಉಳಿಯಿತು. ಕಾಗದದ ಮೇಲೆ ಇದು ಸಮಾಧಾನದ ಸುದ್ದಿ. ಬಿಸಿಗಾಳಿಗೆ ಮೊದಲೇ ಗುರುತು ಹಾಕಿ ಮಾದರಿ ತೆಗೆದಿಟ್ಟಿದ್ದ ಕಾಲೊನಿಗಳ ಡಿಎನ್‌ಎಯನ್ನು ಸ್ಯಾಮ್ಯುಯೆಲ್ ಸ್ಟಾರ್ಕೊ, ಜೂಲಿಯಾ ಬಾಮ್ ಮತ್ತಿತರರು ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಕೊಟ್ಟರು. ಆ ಒಂದು ಹೆಸರಿನ ಕೆಳಗೆ ಮೂರು ವಂಶಗಳಿದ್ದವು. ಎರಡು ತಕ್ಕಮಟ್ಟಿಗೆ ಉಳಿದವು. ಮೂರನೆಯದರಲ್ಲಿ ಬದುಕುಳಿದದ್ದು ತೀರ ಕಡಿಮೆ.

ಮೊದಲೇ ಮಾದರಿ ತೆಗೆದಿಡದಿದ್ದರೆ? ಉಳಿದ ಪೊರೈಟಿಸ್‌ಗಳನ್ನು ಎಣಿಸಿ, ಪ್ರಭೇದ ಕ್ಷೇಮ ಎಂದು ವರದಿ ಬರೆದು ಮುಗಿಸುತ್ತಿದ್ದೆವು. ಹೆಸರೇ ಇಲ್ಲದ ಜೀವ ಹೋದರೆ ಅಳಿವಿನ ಪಟ್ಟಿಗೂ ಸೇರುವುದಿಲ್ಲ.

2019ರಲ್ಲಿ ಫ್ರೆಂಚ್ ಪಾಲಿನೇಶಿಯಾದ ಮೂರಿಯಾ ದ್ವೀಪದಲ್ಲೂ ಇಂಥದೇ ಕಂಡಿತು. ಒಂದೇ ತರಹ ಕಾಣುವ ಪೋಸಿಲೋಪೋರಾ ಹವಳಗಳಲ್ಲಿ ಸತ್ತವುಗಳ ಬಹುಪಾಲು ಒಂದೇ ಮರೆಯ ವಂಶಕ್ಕೆ ಸೇರಿದ್ದವು. ಪಕ್ಕದಲ್ಲೇ ಇದ್ದ ದಾಯಾದಿಗಳು ಪಾರಾಗಿದ್ದವು. ಶಾಂತಸಾಗರದ ಪಲಾವು ದ್ವೀಪಗಳಿಂದ ಬಂದದ್ದು ಇದರ ಇನ್ನೊಂದು ಮುಖ. ಅಲ್ಲಿಯ ಬಿಸಿ ಕೊಲ್ಲಿಗಳಲ್ಲಿ ಬದುಕುವ, ಸೆಕೆ ತಾಳುವ ಪೊರೈಟಿಸ್ ವಂಶವೊಂದು ಹೊರಗಿನ ತಂಪು ದಿಬ್ಬಗಳ ಮೇಲೂ ಬೇರೆಯವುಗಳ ನಡುವೆ ಇದೆ ಎಂದು 2022ರಲ್ಲಿ ಗೊತ್ತಾಯಿತು. ನಾಳೆಯ ಕಡಲಿಗೆ ಬೇಕಾದ ಬೀಜ ಅಲ್ಲೇ ಇತ್ತು, ಗುರುತು ಮಾತ್ರ ಇರಲಿಲ್ಲ.

ಆ ಅಳಿವಿನ ಪಟ್ಟಿ ತಯಾರಿಸುವ ಐಯುಸಿಎನ್ 2024ರ ನವೆಂಬರಿನಲ್ಲಿ ದಿಬ್ಬ ಕಟ್ಟುವ 892 ಹವಳ ಪ್ರಭೇದಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಶೇ 44ರಷ್ಟು ಅಳಿವಿನ ಅಪಾಯದಲ್ಲಿವೆ ಎಂದಿತು. ಅಂಕಿ ಭಯ ಹುಟ್ಟಿಸುವಂಥದೇ. ಆದರೂ 892 ಎಂಬುದು ರೂಪದ ಮೇಲೆ ಕಟ್ಟಿದ ಸಂಖ್ಯೆ. ಅಪಾಯ ಅಳೆಯುವಾಗ ಪ್ರಭೇದ ಎಷ್ಟು ದೂರ ಹರಡಿದೆ ಎಂದು ನೋಡುತ್ತಾರೆ. ಆಫ್ರಿಕಾದಿಂದ ಆಸ್ಟ್ರೇಲಿಯಾದ ತನಕ ಹರಡಿದ ಒಂದು ಹವಳ ನಿಜದಲ್ಲಿ ಮೂರಾಗಿದ್ದರೆ ಮೂರರಲ್ಲಿ ಯಾವುದಕ್ಕೂ ಅಷ್ಟು ದೊಡ್ಡ ರಾಜ್ಯವಿಲ್ಲ. ನೆಮ್ಮದಿಯ ಸಾಲಿನಲ್ಲಿ ಕೂತ ಹಲವು ಹೆಸರುಗಳ ನೆಮ್ಮದಿ ಹುಸಿ ಎಂದೇ ನನ್ನ ಅನಿಸಿಕೆ.

ಮಂಗಳೂರಿನ ಕಲೆಕ್ಟರರ ಹವಳ

ಕನ್ನಡಿಗರ ಕಡಲಿನಲ್ಲಿ ಹವಳ ಕಾಣಬೇಕೆಂದರೆ ಮುರುಡೇಶ್ವರದಿಂದ ಹೊರಟು ನೇತ್ರಾಣಿಗೆ ಹೋಗಬೇಕು. ದೋಣಿಯಲ್ಲಿ ಸುಮಾರು 19 ಕಿಲೋಮೀಟರ್. ಅಲ್ಲಿ ಬಂಡೆಗಳ ಮೇಲೆ ಹವಳ ಬೆಳೆದಿದೆಯೇ ಹೊರತು ದೊಡ್ಡ ದಿಬ್ಬವೇನಿಲ್ಲ; ಮಳೆಗಾಲದಲ್ಲಿ ಘಟ್ಟದ ನದಿಗಳು ತರುವ ಕೆಸರು ಮತ್ತು ಸಿಹಿನೀರು ನಮ್ಮ ಕರಾವಳಿಯಲ್ಲಿ ಹವಳಕ್ಕೆ ಅಷ್ಟು ಮಾತ್ರ ಬಿಟ್ಟುಕೊಟ್ಟಿವೆ. ನೌಕಾಪಡೆ ಗುಂಡು ಹಾರಿಸುವ ಅಭ್ಯಾಸಕ್ಕೆ ಬಳಸುತ್ತಿದ್ದ ಈ ನಡುಗಡ್ಡೆಗೆ ಈಗ ಮುಳುಗು ಹಾಕಿ ಮೀನು ನೋಡುವ ಪ್ರವಾಸಿಗರು ಬರುತ್ತಾರೆ. ಕೆಸರು ನೀರು ತಾಳಿಕೊಂಡು ಬದುಕಿದ ಇಂಥ ಅಂಚಿನ ಹವಳಗಳನ್ನು ವಿಜ್ಞಾನಿಗಳು ಈಚೆಗೆ ಹೆಚ್ಚು ಗೌರವದಿಂದ ನೋಡುತ್ತಿದ್ದಾರೆ. ಕಷ್ಟಕ್ಕೆ ಒಗ್ಗಿದ ವಂಶಗಳು ಅಲ್ಲಿ ಸಿಕ್ಕಾವು ಎಂಬ ನಿರೀಕ್ಷೆ.

ನಿಜವಾದ ಹವಳ ರಾಜ್ಯ ಇನ್ನೂ ಪಶ್ಚಿಮಕ್ಕೆ, ಲಕ್ಷದ್ವೀಪ. ಅದಕ್ಕೂ ನಮಗೂ ಇರುವ ಸಂಬಂಧವನ್ನು ನಾವು ಮರೆತಿದ್ದೇವೆ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ ಸೇರಿದ ಅಮಿನ್‌ದಿವಿ ಗುಂಪು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು, ಆಡಳಿತ ಮಂಗಳೂರಿನ ಕಲೆಕ್ಟರರದು. ಅದಕ್ಕೂ ಹಿಂದೆ ಟಿಪ್ಪುವಿನ ಕೈಯಲ್ಲಿತ್ತು. ದ್ವೀಪಗಳಿಗೆ ಸಾಮಾನು ಹೊರುವ ಮಂಜಿಗಳು ಮಂಗಳೂರಿನ ಹಳೆ ಬಂದರಿನಿಂದ ಈಗಲೂ ಹೊರಡುತ್ತವೆ.

ಈ ದ್ವೀಪಗಳ ಹವಳವನ್ನು ಎಡೆಬಿಡದೆ ಗಮನಿಸುತ್ತ ಬಂದವರೂ ಕಡಲಿಲ್ಲದ ಊರಿನವರು: ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ನೇಚರ್ ಕನ್ಸರ್ವೇಷನ್ ಫೌಂಡೇಶನ್. ರೋಹನ್ ಆರ್ಥರ್ ಮತ್ತು ಸಂಗಡಿಗರು 1998ರಿಂದ ಅಗತ್ತಿ, ಕಡಮತ್, ಕವರತ್ತಿಯ ದಿಬ್ಬಗಳನ್ನು ಮುಳುಗಿ ಅಳೆಯುತ್ತಿದ್ದಾರೆ. 24 ವರ್ಷಗಳ ಅವರ ದಾಖಲೆಯಲ್ಲಿ ಜೀವಂತ ಹವಳದ ಹೊದಿಕೆ ಸುಮಾರು ಶೇ 37ರಿಂದ ಶೇ 19ಕ್ಕೆ ಇಳಿದಿದೆ. 1998, 2010, 2016ರ ಬಿಸಿಗಾಳಿಗಳು ಒಂದೊಂದೂ ಒಂದೊಂದು ಏಟು. ಪ್ರತಿ ಏಟಿನಲ್ಲಿ ಸಾಯುವ ಪ್ರಮಾಣ ಕಡಿಮೆಯಾಗುತ್ತ ಬಂದರೂ, ಚೇತರಿಸಿಕೊಳ್ಳಲು ನಡುವೆ ಬೇಕಾದಷ್ಟು ವರ್ಷ ಸಿಗುತ್ತಿಲ್ಲ. 2024ರಲ್ಲಿ ಮತ್ತೆ ಕಾಯಿತು. ಆ ವರ್ಷದ ಏಪ್ರಿಲ್‌ನಲ್ಲಿ ಜಗತ್ತಿನ ನಾಲ್ಕನೇ ಸಾಮೂಹಿಕ ಬಿಳಿಚಿಕೊಳ್ಳುವಿಕೆಯನ್ನು ಅಧಿಕೃತವಾಗಿ ಘೋಷಿಸಲಾಯಿತು.

ಉಳಿದ ಶೇ 19 ಯಾರು? ಮೂಲದ ಎಲ್ಲ ವಂಶಗಳ ಅರ್ಧರ್ಧ ಪಾಲೋ, ಅಥವಾ ಗಟ್ಟಿಯಾದ ಒಂದೆರಡು ವಂಶಗಳ ಪೂರ್ತಿ ಸಂಸಾರವೋ? ಮೊದಲನೆಯದಾದರೆ ಮುಂದಿನ ಏಟು ಮತ್ತೆ ಅಷ್ಟೇ ಕೊಲ್ಲುತ್ತದೆ. ಎರಡನೆಯದಾದರೆ ಉಳಿದವು ಸೆಕೆ ತಾಳುವವು, ಆದರೆ ಇನ್ನೊಂದು ಬಗೆಯ ರೋಗ ಬಂದರೆ ಉತ್ತರ ಪ್ರದೇಶದ ಕಬ್ಬಿನ ಪಾಡು. ನೀರಿನೊಳಗೆ ಟೇಪು ಹಿಡಿದು ಅಳೆಯುವ ಹೊದಿಕೆಯ ಲೆಕ್ಕ ಇದನ್ನು ಹೇಳಲಾರದು. ಆದರೆ ಎಲ್ಲಿ, ಯಾವ ಆಳದಲ್ಲಿ, ಯಾವ ಅಲೆಯ ಹೊಡೆತದಲ್ಲಿ ಉಳಿದವು ಎಂದು ಇಷ್ಟು ವರ್ಷ ಬರೆದಿಟ್ಟ ದಾಖಲೆ ಇರುವ ಕಡೆಯೇ ಡಿಎನ್‌ಎ ನೋಡುವುದರಿಂದ ಹೆಚ್ಚು ಲಾಭ. ಕಿರಿಟಿಮಾಟಿಯಲ್ಲಿ ಆದದ್ದೂ ಅದೇ.

ನಮ್ಮ ದೇಶದಲ್ಲಿ ಹವಳ ನೆಡುವ ಕೆಲಸ ಹೊಸದಲ್ಲ. ಮನ್ನಾರ್ ಕೊಲ್ಲಿಯಲ್ಲಿ ತೂತ್ತುಕುಡಿಯ ಸುಗಂಧಿ ದೇವದಾಸನ್ ಸಾಗರ ಸಂಶೋಧನಾ ಸಂಸ್ಥೆ 2002ರಿಂದ ಮಾಡುತ್ತಿದೆ. ಗುಜರಾತಿನ ಮಿಠಾಪುರದಲ್ಲಿ 2020ರಲ್ಲಿ ವಿದ್ಯುತ್ ಹರಿಸಿದ ಚೌಕಟ್ಟಿನ ಮೇಲೆ ಹವಳ ಬೆಳೆಸಲು ಪ್ರಾಣಿ ಸರ್ವೇಕ್ಷಣ ಇಲಾಖೆ ಮುಂದಾಯಿತು. ಮುಂಬೈಯ ಕರಾವಳಿ ರಸ್ತೆಗೆ ಅಡ್ಡ ಬಂದ 18 ಕಾಲೊನಿಗಳನ್ನು ಅದೇ ವರ್ಷ ಬೇರೆಡೆಗೆ ಎತ್ತಿ ಇಟ್ಟರು. ಇವೆಲ್ಲದರಲ್ಲೂ ಗೆಲುವನ್ನು ಅಳೆದದ್ದು ಎಷ್ಟು ಬದುಕಿದವು ಎಂದು. ಅದು ತಪ್ಪಲ್ಲ, ಸಾಲದು ಅಷ್ಟೇ.

ಫ್ಲಾರಿಡಾದವರಿಗೆ ಈ ಪಾಠ ತಡವಾಗಿ ಆಯಿತು. 2023ರ ಬೇಸಿಗೆ ಅಲ್ಲಿಯ ಕೊಂಬುಹವಳಗಳನ್ನು ಹೆಚ್ಚುಕಡಿಮೆ ಮುಗಿಸಿತು, ನೆಟ್ಟವೂ ಹೋದವು. ಉಳಿದ ಕೆಲವನ್ನು ಹೊಂಡುರಾಸ್‌ನ ಟೇಲಾ ಕೊಲ್ಲಿಯ, ಸೆಕೆಗೆ ಒಗ್ಗಿದ ಹವಳಗಳೊಂದಿಗೆ ಕೂಡಿಸಿ ಹುಟ್ಟಿದ ಮರಿಗಳನ್ನು 2025ರಲ್ಲಿ ಮಯಾಮಿಯ ಎದುರು ಕಡಲಿಗೆ ಇಳಿಸಿದ್ದಾರೆ. ಕೊಯಮತ್ತೂರಿನವರು ನೂರು ವರ್ಷದ ಹಿಂದೆ ಕಬ್ಬಿಗೆ ಮಾಡಿದ ಕೆಲಸ. ಎಲ್ಲ ಹವಳಕ್ಕೂ ಇದು ಸಲ್ಲುತ್ತದೆ ಎಂದಲ್ಲ. ಕೂಡಿಸುವ ಮುನ್ನ ಎರಡೂ ಕಡೆಯವು ಒಂದೇ ಪ್ರಭೇದವೋ ಅಲ್ಲವೋ ಎಂದು ನೋಡಲೇಬೇಕು. ನೋಡದೆ ದೂರದ ಹವಳ ತಂದು ಸುರಿದರೆ ಸ್ಥಳೀಯ ವಂಶವೇ ಕಳೆದುಹೋಗುವ ಭಯವೂ ಉಂಟು.

ಕಾನೂನು ಈ ವಿಷಯದಲ್ಲಿ ಅರಿಯದೆಯೇ ಒಳ್ಳೆಯದು ಮಾಡಿದೆ. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿದಾಗ ಒಂದೊಂದೇ ಹೆಸರು ಹಿಡಿಯದೆ ಇಡೀ ಗುಂಪನ್ನೇ ಸೇರಿಸಿದರು. ಹಾಗಾಗಿ ಇನ್ನೂ ಹೆಸರಿಡದ ವಂಶಕ್ಕೂ ಹುಲಿಯಷ್ಟೇ ರಕ್ಷಣೆ, ಕಾಗದದ ಮೇಲೆ. ತೊಡಕು ಬರುವುದು ಯೋಜನೆಯೊಂದಕ್ಕೆ ಅನುಮತಿ ಕೊಟ್ಟು, ಬದಲಿಗೆ ಹವಳವನ್ನು ಎತ್ತಿ ಬೇರೆಡೆ ಇಡಿ ಎಂದಾಗ.

ಗ್ರೇಟ್ ನಿಕೋಬಾರ್ ದ್ವೀಪದ ಗಲಾಥಿಯಾ ಕೊಲ್ಲಿಯ ಬಂದರು ಯೋಜನೆಯ ಜಾಗದಲ್ಲಿ ಸರಕಾರವೇ ಕೊಟ್ಟ ಲೆಕ್ಕದಂತೆ 20,668 ಹವಳ ಕಾಲೊನಿಗಳಿವೆ. ಅವುಗಳಲ್ಲಿ 16,150ನ್ನು ಎತ್ತಿ ಬೇರೆಡೆ ಕೂರಿಸುವ ಮಾತಿದೆ. ಉಳಿದ 4,518 ಇದ್ದಲ್ಲೇ. ಯಾವ 16,150 ಎಂದು ಆರಿಸುವಾಗ ಗಾತ್ರ, ಆರೋಗ್ಯ, ಎತ್ತಲು ಸಿಗುವ ಸೌಲಭ್ಯ ನೋಡಿದರೆ ಸಾಕೇ? ಬಿಟ್ಟುಹೋದ 4,518ರಲ್ಲೇ ಒಂದು ವಂಶ ಪೂರ್ತಿ ಇದ್ದರೆ? ಎತ್ತುವ ಮೊದಲು ಪ್ರತಿ ಕಾಲೊನಿಯಿಂದ ಉಗುರಿನಷ್ಟು ಚೂರು ಮುರಿದು, ಆಲ್ಕೋಹಾಲ್ ತುಂಬಿದ ಸಣ್ಣ ಸೀಸೆಯಲ್ಲಿ ಹಾಕಿ, ಮೇಲೆ ನಂಬರು ಬರೆದಿಡುವುದು ಬಂದರಿನ ಖರ್ಚಿನ ಮುಂದೆ ಲೆಕ್ಕಕ್ಕೇ ಬಾರದ ಕೆಲಸ. ಡಿಎನ್‌ಎ ಓದುವುದು ಆಮೇಲಾದರೂ ಆದೀತು. ಚೂರು ತೆಗೆದಿಡುವ ಕೆಲಸ ಮಾತ್ರ ಎತ್ತುವ ಮುನ್ನವೇ ಮುಗಿದಿರಬೇಕು.